ಎರಡು ಅಕ್ಷರ ಬಿಟ್ಟುಹೋದ ಪ್ರಶ್ನೆ: ಜಲಜನಕ ನೀಗುವ ಪಾಠ

ನಾನು ಮುಖ್ಯೋಪಾಧ್ಯಾಯನಾಗಿದ್ದ ಕೊನೆಯ ವರ್ಷಗಳ ಮಾತು. ಹತ್ತನೇ ತರಗತಿಯ ಒಂದು ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ನಾಲ್ಕು ಅಂಕದ ಪ್ರಶ್ನೆಯೊಂದು ಬಂದಿತ್ತು. ಎಥೆನಾಲ್‌ನ ನಿರ್ಜಲೀಕರಣವನ್ನು ಸಮೀಕರಣ ಸಹಿತ ಬರೆಯಿರಿ ಎಂದು ಕನ್ನಡ ಪ್ರತಿಯಲ್ಲಿ ಅಚ್ಚಾಗಿತ್ತು. ನಮ್ಮ ಶಾಲೆಯ ಒಬ್ಬ ಹುಡುಗಿ, ತಂದೆ ಕೋಸಿನ ತೋಟದಲ್ಲಿ ಕೂಲಿ ಮಾಡುವವರು, ಚೊಕ್ಕವಾಗಿ ಉತ್ತರ ಬರೆದಳು. ಎಥೆನಾಲ್‌ಗೆ ಸಾರೀಕೃತ ಗಂಧಕಾಮ್ಲ ಸೇರಿಸಿ 170 ಡಿಗ್ರಿಗೆ ಕಾಯಿಸಿದರೆ ನೀರು ಬಿಟ್ಟುಹೋಗಿ ಈಥೀನ್ ಉಳಿಯುತ್ತದೆ ಎಂದು. ಒಂದು ಅಕ್ಷರ ತಪ್ಪಿಲ್ಲ. ಅವಳಿಗೆ ಸಿಕ್ಕಿದ್ದು ಸೊನ್ನೆ.

ಕಾರಣ ಹುಡುಕಲು ಇಂಗ್ಲಿಷ್ ಪ್ರತಿಯನ್ನೂ ತಮಿಳು ಪ್ರತಿಯನ್ನೂ ತರಿಸಿ ನೋಡಿದೆ. ಅಲ್ಲಿ ಕೇಳಿದ್ದು ನೀರನ್ನು ತೆಗೆಯುವ ಕ್ರಿಯೆಯನ್ನಲ್ಲ, ಜಲಜನಕವನ್ನು ತೆಗೆಯುವ ಕ್ರಿಯೆಯನ್ನು. ಕನ್ನಡದಲ್ಲಿ ಅದು 'ನಿರ್ಜಲಜನೀಕರಣ' ಎಂದು ಬರಬೇಕಿತ್ತು. ಬಂದದ್ದು 'ನಿರ್ಜಲೀಕರಣ'. ನಡುವಿನ ಎರಡು ಅಕ್ಷರ, ಜ ಮತ್ತು ನ, ಎಲ್ಲೋ ಉದುರಿಹೋಗಿತ್ತು. ಭಾಷಾಂತರಿಸಿದವರು ಬಿಟ್ಟರೋ ಅಚ್ಚು ಜೋಡಿಸಿದವರು ಬಿಟ್ಟರೋ ತಿಳಿಯಲಿಲ್ಲ. ಜಲಜನಕದಿಂದ 'ಜನ' ಎದ್ದುಹೋದರೆ ಉಳಿಯುವುದು ಬರೀ ಜಲ ಎಂದು ನಮ್ಮ ಕನ್ನಡ ಪಂಡಿತರು ನಕ್ಕರು. ನನಗೆ ನಗು ಬರಲಿಲ್ಲ. ದಿಂಬಂ ಘಟ್ಟದ 27 ತಿರುವುಗಳನ್ನು ಇಳಿದು, ಮೌಲ್ಯಮಾಪನ ಮಾಡಿಸಿದವರ ಮುಂದೆ ಮೂರೂ ಪ್ರತಿಗಳನ್ನು ಇಟ್ಟು ಮಾತಾಡಿ ಬಂದೆ. ಉತ್ತರಸೂಚಿಯಲ್ಲಿ ಇದ್ದುದಕ್ಕೆ ಮಾತ್ರ ಅಂಕ ಎಂದರು. ಅಂಕ ಬರಲಿಲ್ಲ.

ಆದರೆ ತಪ್ಪಿನಲ್ಲಿ ನನ್ನ ಪಾಲೂ ಇತ್ತು. ಆ ಎರಡು ಪದಗಳನ್ನು ನಾವು ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೆವೇ ಹೊರತು, ಅವುಗಳ ನಡುವಿನ ಅಂತರ ಎಷ್ಟು ದೊಡ್ಡದು ಎಂದು ಕೈಯಲ್ಲಿ ಹಿಡಿದು ತೋರಿಸಿರಲಿಲ್ಲ. ತೋರಿಸಿದ್ದರೆ ಹುಡುಗಿ ಕನಿಷ್ಠ ಅನುಮಾನವಾದರೂ ಪಡುತ್ತಿದ್ದಳು. ಈ ಲೇಖನವನ್ನು ಪೋಷಕರಾದ ನಿಮಗೆ ಬರೆಯುತ್ತಿರುವುದು ಅದಕ್ಕೇ. ರಸಾಯನಶಾಸ್ತ್ರ ಓದಿಲ್ಲವೆಂದು ಹೆದರಬೇಡಿ. ಕೂಡುವುದು ಕಳೆಯುವುದು ಗೊತ್ತಿದ್ದರೆ ಸಾಕು.

46ರಿಂದ 2, 46ರಿಂದ 18

ಎಥೆನಾಲ್ ಅಂದರೆ ಹೆಂಡ, ಸಾರಾಯಿಗಳಲ್ಲಿ ಇರುವ ಆಲ್ಕೋಹಾಲ್. ಅದರ ಒಂದು ಅಣುವಿನಲ್ಲಿ ಎರಡು ಇಂಗಾಲ, ಆರು ಜಲಜನಕ, ಒಂದು ಆಮ್ಲಜನಕ. ಇಂಗಾಲದ ತೂಕ 12, ಜಲಜನಕದ್ದು 1, ಆಮ್ಲಜನಕದ್ದು 16. ಕೂಡಿ ನೋಡಿ: 24, ಅದಕ್ಕೆ 6, ಅದಕ್ಕೆ 16. ಒಟ್ಟು 46.

ಇದರಿಂದ ಎರಡು ಜಲಜನಕಗಳನ್ನು ಮಾತ್ರ ತೆಗೆದರೆ 44 ಉಳಿಯುತ್ತದೆ. ಆ 44ರ ಹೆಸರು ಅಸಿಟಾಲ್ಡಿಹೈಡ್. ನೀರಿನ ಒಂದು ಅಣುವನ್ನೇ ತೆಗೆದರೆ, ನೀರಿನ ತೂಕ 18 ಆದ್ದರಿಂದ, 28 ಉಳಿಯುತ್ತದೆ. ಆ 28ರ ಹೆಸರು ಈಥೀನ್. ಎರಡರಲ್ಲೂ ಇಂಗಾಲ ಎರಡೇ, ಜಲಜನಕ ನಾಲ್ಕೇ. ಒಂದರಲ್ಲಿ ಆಮ್ಲಜನಕ ಉಳಿದಿದೆ, ಇನ್ನೊಂದರಲ್ಲಿ ನೀರಿನ ಜೊತೆ ಹೊರಟುಹೋಗಿದೆ. ಅಷ್ಟೇ ವ್ಯತ್ಯಾಸ. ಆದರೆ ಈಥೀನ್ ಬಾಳೆಗೊನೆಯನ್ನು ಹಣ್ಣುಮಾಡುವ ಅನಿಲ. ಅಸಿಟಾಲ್ಡಿಹೈಡ್ ಕುಡಿದವನ ಮೈಯಲ್ಲಿ ಹುಟ್ಟುವ, ಮೂಗಿಗೆ ಚುಚ್ಚುವ ವಾಸನೆಯ ವಿಷ.

ತಮಿಳುನಾಡಿನ ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಈ ಎರಡು ಕ್ರಿಯೆಗಳೂ ಒಂದೇ ಪಾಠದಲ್ಲಿ ಬರುತ್ತವೆ. ಗಂಧಕಾಮ್ಲದೊಡನೆ ಕಾಯಿಸಿದರೆ ನೀರು ಹೋಗುತ್ತದೆ. 300 ಡಿಗ್ರಿಗೆ ಕಾಯಿಸಿದ ತಾಮ್ರದ ಮೇಲೆ ಎಥೆನಾಲ್‌ನ ಆವಿಯನ್ನು ಹಾಯಿಸಿದರೆ ಜಲಜನಕ ಹೋಗುತ್ತದೆ. ಪರೀಕ್ಷೆಯಲ್ಲಿ ಗಂಧಕಾಮ್ಲ ಕಂಡರೆ ನೀರು, ತಾಮ್ರ ಕಂಡರೆ ಜಲಜನಕ ಎಂದು ಮಗು ನೆನಪಿಟ್ಟುಕೊಂಡರೆ ಅಚ್ಚಿನ ತಪ್ಪಿನಿಂದಲೂ ಅರ್ಧ ಪಾರಾದಂತೆ. ನಮ್ಮ ಹುಡುಗಿಯ ಪ್ರಶ್ನೆಯಲ್ಲಿ ದುರದೃಷ್ಟಕ್ಕೆ ಎರಡೂ ಇರಲಿಲ್ಲ.

ಜಲಜನಕ ಎಲ್ಲಿಂದ ಕಳಚುತ್ತದೆ ಎಂಬುದೂ ಲೆಕ್ಕಾಚಾರದ ವಿಷಯ. ಆಮ್ಲಜನಕಕ್ಕೆ ಅಂಟಿದ ಜಲಜನಕ ಒಂದು, ಆ ಆಮ್ಲಜನಕವನ್ನು ಹೊತ್ತ ಇಂಗಾಲದ ಮೇಲಿನ ಜಲಜನಕ ಇನ್ನೊಂದು. ಆ ಇಂಗಾಲದ ಮೇಲೆ ಜಲಜನಕವೇ ಇಲ್ಲದಿದ್ದರೆ? ತೃತೀಯಕ ಆಲ್ಕೋಹಾಲ್ ಎಂಬ ಬಗೆಯಲ್ಲಿ ಹಾಗೆಯೇ. ಅದನ್ನು ಬಿಸಿ ತಾಮ್ರದ ಮೇಲೆ ಹಾಯಿಸಿದರೂ ಜಲಜನಕ ಬರುವುದಿಲ್ಲ, ನೀರೇ ಬರುತ್ತದೆ. ಹನ್ನೆರಡನೇ ತರಗತಿಯ ಮಕ್ಕಳನ್ನು ಈ ಪ್ರಶ್ನೆ ಬೀಳಿಸುವಷ್ಟು ಬೇರೆ ಯಾವುದೂ ಬೀಳಿಸುವುದಿಲ್ಲ.

ಆಲ್ಡಿಹೈಡ್ ಎಂಬ ಹೆಸರಿನೊಳಗೇ ಈ ಕ್ರಿಯೆ ಅಡಗಿದೆ. ಜರ್ಮನಿಯ ಲೀಬಿಗ್ 1835ರಲ್ಲಿ ಈ ವಸ್ತುವಿಗೆ ಹೆಸರಿಡುವಾಗ 'ಆಲ್ಕೋಹಾಲ್ ಡಿಹೈಡ್ರೋಜನೇಟಮ್', ಅಂದರೆ ಜಲಜನಕ ಕಳೆದುಕೊಂಡ ಆಲ್ಕೋಹಾಲ್, ಎಂಬ ಲ್ಯಾಟಿನ್ ಮಾತಿನ ತುಂಡುಗಳನ್ನು ಜೋಡಿಸಿದರು. ಆಲ್ಕೋಹಾಲಿನ 'ಆಲ್', ಮುಂದಿನ ಪದದ 'ಡಿಹೈಡ್'. ನಾನು ಇದನ್ನು ಓದಿದ್ದು ಕೆಲಸಕ್ಕೆ ಸೇರಿ ಎಷ್ಟೋ ವರ್ಷಗಳ ಮೇಲೆ. ಮೊದಲೇ ಗೊತ್ತಿದ್ದರೆ ನೂರಾರು ಮಕ್ಕಳ ಬಾಯಿಪಾಠ ಉಳಿಯುತ್ತಿತ್ತು.

ನೀಕ್ಕಂ ಮತ್ತು ನೀಗು

ನಾನು ಎಂಟನೆಯವರೆಗೆ ಕನ್ನಡದಲ್ಲಿ, ಆಮೇಲೆ ತಮಿಳಿನಲ್ಲಿ ಓದಿದವನು. ಆಗ ಅದನ್ನು ಕಷ್ಟವೆಂದುಕೊಂಡಿದ್ದೆ. ಪಾಠ ಹೇಳಲು ನಿಂತಾಗ ಅದೇ ಆಸ್ತಿಯಾಯಿತು. ತಮಿಳಿನಲ್ಲಿ ನೀರು ತೆಗೆಯುವುದಕ್ಕೆ 'ನೀರ್ ನೀಕ್ಕಂ', ಜಲಜನಕ ತೆಗೆಯುವುದಕ್ಕೆ 'ಹೈಡ್ರಜನ್ ನೀಕ್ಕಂ'. ಎರಡೂ ಪದಗಳು ಬಿಡಿಬಿಡಿಯಾಗಿ ನಿಂತಿವೆ. ಎರಡು ಅಕ್ಷರ ಉದುರಿದರೆ ಒಂದು ಇನ್ನೊಂದಾಗುವ ಅಪಾಯವಿಲ್ಲ. ಆ ನೀಕ್ಕಂ ನಮಗೆ ಪರಕೀಯವೂ ಅಲ್ಲ. ಹಸಿವು ನೀಗಿತು, ಬಾಯಾರಿಕೆ ನೀಗಿಸು ಎನ್ನುತ್ತೇವಲ್ಲ, ಆ 'ನೀಗು' ಇದರ ಒಡಹುಟ್ಟು. ಆ ಪರೀಕ್ಷೆಯಾದ ಮೇಲೆ ನಾನು ಕರಿಹಲಗೆಯ ಮೇಲೆ 'ನೀರು ನೀಗುವಿಕೆ', 'ಜಲಜನಕ ನೀಗುವಿಕೆ' ಎಂದೇ ಮೊದಲು ಬರೆದು, ಕೆಳಗೆ ಪುಸ್ತಕದ ದೊಡ್ಡ ಪದಗಳನ್ನು ಬರೆಯುತ್ತಿದ್ದೆ.

ಕನ್ನಡಕ್ಕೆ ಅನುಕೂಲವಾದ ಜಾಗವೂ ಇದೆ, ಅದನ್ನು ಹೇಳದಿದ್ದರೆ ಅನ್ಯಾಯ. ಜಲಜನಕ ನೀಗುವುದು ಒಂದು ಬಗೆಯ ಉತ್ಕರ್ಷಣ. ತಮಿಳಿನಲ್ಲಿ ಉತ್ಕರ್ಷಣಕ್ಕೆ 'ಆಕ್ಸಿಜನೇಟ್ರಂ' ಎನ್ನುತ್ತಾರೆ, ಅಂದರೆ ಆಕ್ಸಿಜನ್ ಏರಿಸುವುದು. ಬಿಸಿ ತಾಮ್ರದ ಪಾಠದಲ್ಲಿ ಆಕ್ಸಿಜನ್ ಏರುವುದೇ ಇಲ್ಲ, ಜಲಜನಕ ಇಳಿಯುತ್ತದೆ. ತಮಿಳು ಮಾಧ್ಯಮದ ಮಗು ಆಕ್ಸಿಜನ್ ಎಲ್ಲಿ ಸಾರ್ ಎಂದು ಕೇಳುತ್ತದೆ. ಉತ್ಕರ್ಷಣ ಎಂಬ ನಮ್ಮ ಪದದಲ್ಲಿ ಆಮ್ಲಜನಕದ ಸುಳಿವಿಲ್ಲ, ಹಾಗಾಗಿ ಆ ಗೊಂದಲವೂ ಇಲ್ಲ. ಆದರೆ ಸುಳಿವೇ ಇಲ್ಲದ ಪದವನ್ನು ಮಗು ಸುಮ್ಮನೆ ನುಂಗಿಬಿಡುತ್ತದೆ, ಪ್ರಶ್ನೆಯನ್ನೇ ಕೇಳುವುದಿಲ್ಲ. ಯಾವುದು ಮೇಲೆಂದು ನನ್ನನ್ನು ಕೇಳಿದರೆ, ಪ್ರಶ್ನೆ ಕೇಳಿಸುವ ಪದವೇ ಮೇಲು ಎನ್ನುತ್ತೇನೆ.

ತಾಮ್ರದ ಸುರುಳಿ

ಶಾಲೆಯಲ್ಲಿ ನಾನು ತೋರಿಸುತ್ತಿದ್ದ ಪ್ರಯೋಗ ಇದು. ತಾಮ್ರದ ತಂತಿಯನ್ನು ಸುರುಳಿ ಸುತ್ತಿ ಜ್ವಾಲೆಯಲ್ಲಿ ಕೆಂಪಗೆ ಕಾಯಿಸಿ ಹೊರತೆಗೆದರೆ ಗಾಳಿ ತಾಗಿ ಕರಿದಾಗುತ್ತದೆ. ಆ ಕರಿ ತಾಮ್ರದ ಆಕ್ಸೈಡ್. ಬಿಸಿ ಇರುವಾಗಲೇ ಅದನ್ನು ಸ್ವಲ್ಪ ಎಥೆನಾಲ್‌ನ ಆವಿಗೆ ಹಿಡಿದರೆ ಒಂದೇ ಕ್ಷಣದಲ್ಲಿ ಹೊಸ ಚೊಂಬಿನಂತೆ ಥಳಥಳ ಹೊಳೆಯುತ್ತದೆ. ಹುಣಸೆಹಣ್ಣು ಹಚ್ಚಿ ಉಜ್ಜಿದಂತೆ! ಕರಿಯಲ್ಲಿದ್ದ ಆಮ್ಲಜನಕ ಆಲ್ಕೋಹಾಲ್‌ನಿಂದ ಎರಡು ಜಲಜನಕಗಳನ್ನು ಕಿತ್ತುಕೊಂಡು ನೀರಾಯಿತು, ಆಲ್ಕೋಹಾಲ್ ಆಲ್ಡಿಹೈಡ್ ಆಯಿತು, ತಾಮ್ರ ಶುದ್ಧವಾಯಿತು. ಪುಸ್ತಕದ ತಾಮ್ರ ಜಲಜನಕವನ್ನು ಅನಿಲವಾಗಿಯೇ ಬಿಡಿಸುತ್ತದೆ, ಇಲ್ಲಿ ಅದು ನೀರಾಗಿ ಹೋಗುತ್ತದೆ. ಆಲ್ಕೋಹಾಲಿನ ಮಟ್ಟಿಗೆ ನಷ್ಟ ಒಂದೇ.

ಮನೆಯಲ್ಲಿ ಇದನ್ನು ಮಾಡಿಸಬೇಡಿ. ಸ್ಪಿರಿಟ್ ಹತ್ತಿಕೊಂಡರೆ ಅಪಾಯ. ಅಂಗಡಿಯ ಸ್ಪಿರಿಟ್‌ನಲ್ಲಿ ಮೆಥೆನಾಲ್ ಬೆರೆತಿರುವುದುಂಟು, ಅದರಿಂದ ಹುಟ್ಟುವ ಆವಿ ಇನ್ನೂ ಕೆಟ್ಟದ್ದು. ಗಾಳಿಯಾಡುವ ಪ್ರಯೋಗಾಲಯದಲ್ಲಿ, ಶಿಕ್ಷಕರ ಕೈಯಲ್ಲಿ ನೋಡುವುದೇ ಸರಿ. ನಿಮ್ಮ ಮಗುವಿನ ಶಾಲೆಯಲ್ಲಿ ತೋರಿಸಿಲ್ಲವಾದರೆ ಪೋಷಕರ ಸಭೆಯಲ್ಲಿ ಕೇಳಿ. ಬೇಕಾಗುವುದು ಒಂದು ಗೇಣು ತಂತಿ.

ಮೆಥೆನಾಲ್ ಎಂದೆ. ಇಲ್ಲಿ ಸ್ವಲ್ಪ ನಿಲ್ಲಬೇಕು.

2024ರ ಜೂನ್‌ನಲ್ಲಿ ತಮಿಳುನಾಡಿನ ಕಲ್ಲಕುರಿಚಿಯಲ್ಲಿ ಮೆಥೆನಾಲ್ ಬೆರೆತ ಕಳ್ಳಸಾರಾಯಿ ಕುಡಿದು 60ಕ್ಕೂ ಹೆಚ್ಚು ಮಂದಿ ಸತ್ತದ್ದು ನಿಮಗೆ ನೆನಪಿರಬಹುದು. 1981ರಲ್ಲಿ ಬೆಂಗಳೂರಿನಲ್ಲಿ ಅಂಥದೇ ದುರಂತದಲ್ಲಿ 300ಕ್ಕೂ ಹೆಚ್ಚು ಜನ ಹೋದರು. ಆ ಸಾವುಗಳ ಒಳಗಿನ ರಸಾಯನಶಾಸ್ತ್ರ ನಮ್ಮ ಹುಡುಗಿಗೆ ಸೊನ್ನೆ ಕೊಡಿಸಿದ ಅದೇ ಪಾಠ.

ಮೆಥೆನಾಲ್ ಎಥೆನಾಲ್‌ನ ತಮ್ಮ ಇದ್ದಂತೆ, ಒಂದು ಇಂಗಾಲ ಕಡಿಮೆ. ತೂಕ 32. ಬಣ್ಣದಲ್ಲಿ, ವಾಸನೆಯಲ್ಲಿ ಕುಡಿಯುವವನಿಗೆ ಗುರುತು ಸಿಗುವುದು ಕಷ್ಟ. ಹೊಟ್ಟೆಗೆ ಹೋದ ಮೆಥೆನಾಲ್ ಆ ಕ್ಷಣಕ್ಕೆ ಬರೀ ಅಮಲು ತರಿಸುತ್ತದೆ. ಕೊಲ್ಲುವುದು ಅದಲ್ಲ. ನಮ್ಮ ಯಕೃತ್ತಿನಲ್ಲಿ ಆಲ್ಕೋಹಾಲ್ ಡಿಹೈಡ್ರೋಜಿನೇಸ್ ಎಂಬ ಕಿಣ್ವವಿದೆ. ಅದರ ಕೆಲಸವೇ ಆಲ್ಕೋಹಾಲ್‌ನಿಂದ ಜಲಜನಕ ನೀಗುವುದು. ತಾಮ್ರ 300 ಡಿಗ್ರಿಯಲ್ಲಿ ಮಾಡುವ ಕೆಲಸವನ್ನು ಈ ಕಿಣ್ವ ಮೈಯ ಬಿಸಿಯಲ್ಲೇ, 37 ಡಿಗ್ರಿಯಲ್ಲಿ, ಸದ್ದಿಲ್ಲದೆ ಮಾಡುತ್ತದೆ. ಎಥೆನಾಲ್ ಸಿಕ್ಕರೆ ಅಸಿಟಾಲ್ಡಿಹೈಡ್ ಮಾಡುತ್ತದೆ. ಮೆಥೆನಾಲ್ ಸಿಕ್ಕರೆ ಎರಡು ಜಲಜನಕ ತೆಗೆದು 30ರ ತೂಕದ ಫಾರ್ಮಾಲ್ಡಿಹೈಡ್ ಮಾಡುತ್ತದೆ. ಪ್ರಯೋಗಾಲಯದಲ್ಲಿ ಹಾವು, ಕಪ್ಪೆಗಳನ್ನು ಶೀಸೆಯಲ್ಲಿ ಇಡುವ ಫಾರ್ಮಲಿನ್ ಇದೆಯಲ್ಲ, ಅದೇ ಇದು. ಅದು ಬೇಗನೆ ಫಾರ್ಮಿಕ್ ಆಮ್ಲವಾಗುತ್ತದೆ. ಫಾರ್ಮಿಕ್ ಆಮ್ಲ ರಕ್ತವನ್ನು ಹುಳಿಯಾಗಿಸುತ್ತದೆ, ಕಣ್ಣಿನ ನರದ ಜೀವಕೋಶಗಳ ಉಸಿರನ್ನು ಕಟ್ಟುತ್ತದೆ. ಕುಡಿದವನು ಕಣ್ಣು ಮಂಜು, ಏನೂ ಕಾಣುತ್ತಿಲ್ಲ ಎನ್ನುವುದು ಅದಕ್ಕೇ.

ಇದೆಲ್ಲ ಆಗಲು ಹೊತ್ತು ಹಿಡಿಯುತ್ತದೆ. ಹನ್ನೆರಡು ಗಂಟೆ, ಕೆಲವೊಮ್ಮೆ ಒಂದು ದಿನ. ರಾತ್ರಿ ಕುಡಿದು ಮಲಗಿದವನು ಬೆಳಿಗ್ಗೆ ಸರಿಯಾಗಿಯೇ ಇದ್ದಾನೆ ಎಂದು ಮನೆಯವರು ಬಿಟ್ಟುಬಿಡುತ್ತಾರೆ. ಆ ಹೊತ್ತೇ ಉಳಿಸಿಕೊಳ್ಳಬಹುದಾದ ಹೊತ್ತು. ಆಸ್ಪತ್ರೆಯಲ್ಲಿ ವೈದ್ಯರು ಫೋಮೆಪಿಜೋಲ್ ಎಂಬ ಔಷಧಿ ಕೊಟ್ಟು ಆ ಕಿಣ್ವದ ಕೈಕಟ್ಟುತ್ತಾರೆ. ಅದು ಸಿಗದ ಕಡೆ ಅಳತೆ ಮಾಡಿ ಶುದ್ಧ ಎಥೆನಾಲ್ ಕೊಡುವುದೂ ಉಂಟು. ಕಿಣ್ವಕ್ಕೆ ಮೆಥೆನಾಲ್‌ಗಿಂತ ಎಥೆನಾಲ್ ಹೆಚ್ಚು ಇಷ್ಟ, ಅದನ್ನೇ ಹಿಡಿದುಕೊಂಡು ಕೂರುತ್ತದೆ. ಅಷ್ಟರಲ್ಲಿ ಡಯಾಲಿಸಿಸ್ ಮಾಡಿ ಮೆಥೆನಾಲ್ ಅನ್ನು ಹೊರಗೆ ಹಾಕುತ್ತಾರೆ. ಇದನ್ನು ಓದಿ ಯಾರೂ ಮನೆಯಲ್ಲಿ ಇನ್ನೊಂದು ಗ್ಲಾಸ್ ಕುಡಿಸಿದರೆ ಸರಿಹೋಗುತ್ತದೆ ಎಂದುಕೊಳ್ಳಬಾರದು. ಅದು ರಕ್ತಪರೀಕ್ಷೆ ನೋಡುತ್ತಾ ಮಾಡುವ ಚಿಕಿತ್ಸೆ. ಕಣ್ಣು ಮಂಜೆಂದರೆ, ಹೊಟ್ಟೆನೋವು ವಾಂತಿ ಎಂದರೆ, ಉಸಿರು ಏರಿದರೆ, ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ನಮ್ಮ ಗಡಿ ಊರುಗಳಲ್ಲಿ, ಎರಡು ರಾಜ್ಯಗಳ ನಡುವೆ ಏನೇನು ಹೇಗೆ ಸಾಗುತ್ತದೆ ಎಂದು ನಾನು ನಿಮಗೆ ಹೇಳಬೇಕಿಲ್ಲ. ಹತ್ತನೇ ತರಗತಿಯ ಮಗು ಮನೆಯಲ್ಲಿದ್ದರೆ ಇಷ್ಟನ್ನು ತಿಳಿಸಿ ಹೇಳುವಷ್ಟು ವಿದ್ಯೆ ಅದರ ಪುಸ್ತಕದಲ್ಲೇ ಇದೆ.

ಹಾಲಿನ ನೀಲಿ

ಹಸು ಕಟ್ಟಿರುವ ಪೋಷಕರಿಗೆ ಬೇರೆ ಉದಾಹರಣೆ ಕೊಡುತ್ತೇನೆ. ಹಾಲು ಘಟಕದ ಪ್ರಯೋಗಾಲಯಕ್ಕೆ ಮಕ್ಕಳನ್ನು ಕರೆದೊಯ್ದಾಗ ಅಲ್ಲಿನವರು 10 ಮಿಲಿಲೀಟರ್ ಹಾಲಿಗೆ 1 ಮಿಲಿಲೀಟರ್ ಮೆಥಿಲೀನ್ ನೀಲಿ ಹಾಕಿ, 37 ಡಿಗ್ರಿಯ ನೀರಿನಲ್ಲಿ ನಳಿಕೆಗಳನ್ನು ಇಟ್ಟು ಗಡಿಯಾರ ನೋಡುತ್ತಿದ್ದರು. ಒಳ್ಳೆಯ ಹಾಲಿನಲ್ಲಿ ನೀಲಿ ಐದು ಗಂಟೆಯಾದರೂ ನಿಲ್ಲುತ್ತದೆ. ಅರ್ಧ ಗಂಟೆಯೊಳಗೆ ಬೆಳ್ಳಗಾದರೆ ಆ ಹಾಲು ಕೆಟ್ಟದ್ದು ಎಂದೇ ಲೆಕ್ಕ.

ನೀಲಿ ಎಲ್ಲಿಗೆ ಹೋಯಿತು? ಎಲ್ಲಿಗೂ ಹೋಗಿಲ್ಲ. ಹಾಲಿನಲ್ಲಿ ಸೇರಿದ ಬ್ಯಾಕ್ಟೀರಿಯಾಗಳು ತಮ್ಮ ಆಹಾರದಿಂದ ಜಲಜನಕ ಬಿಡಿಸುತ್ತಲೇ ಇರುತ್ತವೆ. ಬಿಡಿಸಿದ್ದನ್ನು ಯಾರಿಗಾದರೂ ದಾಟಿಸಬೇಕು. ಮೊದಲು ಹಾಲಿನಲ್ಲಿ ಕರಗಿದ ಆಮ್ಲಜನಕಕ್ಕೆ, ಅದು ಮುಗಿದ ಮೇಲೆ ಬಣ್ಣಕ್ಕೆ. ಜಲಜನಕ ಹಿಡಿದ ಮೆಥಿಲೀನ್ ನೀಲಿಗೆ ಬಣ್ಣವಿಲ್ಲ. ಬ್ಯಾಕ್ಟೀರಿಯಾ ಹೆಚ್ಚಿದ್ದಷ್ಟೂ ಬೇಗ ಬಿಳುಪು. ಬೆಳ್ಳಗಾದ ನಳಿಕೆಯನ್ನು ಜೋರಾಗಿ ಅಲುಗಿಸಿದರೆ ಗಾಳಿಯ ಆಮ್ಲಜನಕ ಆ ಜಲಜನಕವನ್ನು ಕಿತ್ತುಕೊಂಡು ನೀಲಿ ಮರಳುತ್ತದೆ. ಮಕ್ಕಳಿಗೆ ಅದು ಮಾಟದಂತೆ ಕಂಡಿತು. ಕೊಟ್ಟಿಗೆಯ ಪಾತ್ರೆ ಸರಿಯಾಗಿ ತೊಳೆಯದಿದ್ದರೆ ಹಾಲಿನ ದರ ಏಕೆ ಇಳಿಯುತ್ತದೆ ಎಂಬುದೂ ಅಂದೇ ಅವರಿಗೆ ಗೊತ್ತಾಯಿತು.

ಇದೇ ಬಣ್ಣದ ಮೇಲೆ ಸುಮಾರು ನೂರು ವರ್ಷಗಳ ಹಿಂದೆ ದೊಡ್ಡ ಜಗಳವೇ ನಡೆದಿದೆ. ನಾವು ಉಣ್ಣುವ ಅನ್ನ ಮೈಯಲ್ಲಿ ಹೇಗೆ ಉರಿಯುತ್ತದೆ? ಜರ್ಮನಿಯ ವೀಲಾಂಡ್, ಮೊದಲ ಹೆಜ್ಜೆ ಜಲಜನಕವನ್ನು ಬಿಡಿಸುವುದೇ, ಆಮ್ಲಜನಕ ಕೊನೆಗೆ ಬರುವ ಅತಿಥಿ ಎಂದರು. ಸ್ವೀಡನ್ನಿನ ಟುನ್‌ಬೆರಿ ಗಾಳಿ ತೆಗೆದ ನಳಿಕೆಯಲ್ಲಿ ಮಾಂಸದ ತುಣುಕಿಗೆ ಮೆಥಿಲೀನ್ ನೀಲಿ ಹಾಕಿ, ಆಮ್ಲಜನಕವಿಲ್ಲದೆಯೂ ಬಣ್ಣ ಹೋಗುವುದನ್ನು ತೋರಿಸಿದರು. ವಾರ್ಬರ್ಗ್ ಒಪ್ಪಲಿಲ್ಲ. ಕಬ್ಬಿಣವಿರುವ ಕಿಣ್ವವೊಂದು ಆಮ್ಲಜನಕವನ್ನು ಚುರುಕುಗೊಳಿಸುವುದೇ ಮುಖ್ಯ ಎಂದು ಹಟ ಹಿಡಿದರು. 1925ರಲ್ಲಿ ಕೀಲಿನ್ ಸೈಟೋಕ್ರೋಮ್‌ಗಳನ್ನು ಗುರುತಿಸಿದ ಮೇಲೆ ನಡುವಿನ ಸೇತುವೆ ಸಿಕ್ಕಿತು. ಇಬ್ಬರೂ ಒಂದೇ ಹೊಳೆಯ ಎರಡು ದಡಗಳಲ್ಲಿ ನಿಂತು ಕೂಗಾಡುತ್ತಿದ್ದರು. ಅನ್ನದಿಂದ ಜಲಜನಕ ಜೋಡಿ ಜೋಡಿಯಾಗಿ ಕಳಚುತ್ತದೆ, ಹಲವು ಕೈ ದಾಟುತ್ತದೆ, ಕೊನೆಗೆ ಉಸಿರಿನ ಆಮ್ಲಜನಕ ಸೇರಿ ನೀರಾಗುತ್ತದೆ.

ಆ ಕೈಗಳಲ್ಲಿ ಮೊದಲನೆಯದನ್ನು ಮೈ ನಯಾಸಿನ್ ಎಂಬ ಬಿ ಗುಂಪಿನ ಜೀವಸತ್ವದಿಂದ ಮಾಡಿಕೊಳ್ಳುತ್ತದೆ. ಕಡಲೆಕಾಯಿಯಲ್ಲಿ ಅದು ಧಾರಾಳ. ಸಂಜೆ ಮಗುವಿಗೆ ಬಿಸ್ಕತ್ತಿನ ಬದಲು ಒಂದು ಹಿಡಿ ಬೇಯಿಸಿದ ಕಡಲೆಕಾಯಿ ಕೊಡಿ ಎನ್ನಲು ಇದೂ ಒಂದು ನೆಪ.

ರಕ್ತಪರೀಕ್ಷೆಯ ಚೀಟಿಯಲ್ಲಿ ಎಲ್‌ಡಿಎಚ್ ಎಂದು ನೋಡಿದ್ದೀರಾ? ಲ್ಯಾಕ್ಟೇಟ್ ಡಿಹೈಡ್ರೋಜಿನೇಸ್. ಜಲಜನಕ ನೀಗುವ ಇನ್ನೊಂದು ಕಿಣ್ವ, ಜೀವಕೋಶ ಒಡೆದಾಗ ರಕ್ತಕ್ಕೆ ಸೋರುತ್ತದೆ. ಮಲೇರಿಯಾಕ್ಕೆ ಪ್ರೈಮಾಕ್ವಿನ್ ಕೊಡುವ ಮೊದಲು ಜಿ-6-ಪಿಡಿ ಪರೀಕ್ಷೆ ಮಾಡಿಸಿ ಎನ್ನುತ್ತಾರಲ್ಲ, ಆ ಕೊನೆಯ 'ಡಿ'ಯೂ ಡಿಹೈಡ್ರೋಜಿನೇಸ್. ಆ ಕಿಣ್ವ ಹುಟ್ಟಿನಿಂದ ಕೊರತೆಯಿದ್ದವರಿಗೆ ಆ ಮಾತ್ರೆಯಿಂದ ಕೆಂಪು ರಕ್ತಕಣಗಳು ಒಡೆಯುತ್ತವೆ.

ಕಾರ್ಖಾನೆಗಳ ಕಥೆ ಬೇರೆ ಪುಸ್ತಕಕ್ಕೆ ಆಗುವಷ್ಟಿದೆ, ಎರಡೇ ಮಾತು ಹೇಳುತ್ತೇನೆ. ಅಡುಗೆ ಅನಿಲದಲ್ಲಿರುವ ಪ್ರೊಪೇನ್‌ನಿಂದ ಸುಮಾರು 600 ಡಿಗ್ರಿಯಲ್ಲಿ ಎರಡು ಜಲಜನಕ ನೀಗಿದರೆ ಪ್ರೊಪಿಲೀನ್. ಅದನ್ನು ಸರಪಳಿ ಪೋಣಿಸಿದರೆ ನಿಮ್ಮ ಗೊಬ್ಬರದ ಚೀಲ, ನೀರಿನ ಬಕೆಟ್. ಜಾಸ್ತಿ ಕಾಯಿಸಿ ಜಲಜನಕವನ್ನೆಲ್ಲ ಕಿತ್ತರೆ ಉಳಿಯುವುದು ಮಸಿ, ಅದು ವೇಗವರ್ಧಕದ ಮೇಲೆ ಕೂತು ಕೆಲಸ ನಿಲ್ಲಿಸುತ್ತದೆ, ಆಗಾಗ ಸುಟ್ಟು ತೆಗೆಯಬೇಕು. ಇದಕ್ಕೆ ತಿರುವುಮುರುವಾದದ್ದು ಎಣ್ಣೆಗೆ ನಿಕ್ಕಲ್ ಬಳಸಿ ಜಲಜನಕ ಸೇರಿಸಿ ವನಸ್ಪತಿ ಮಾಡುವುದು. ಜಲಜನಕ ಸೇರಿಸುವ ಲೋಹವೇ ಬಿಸಿ ಏರಿದಾಗ ಅದನ್ನು ತೆಗೆಯಲೂ ಬಲ್ಲದು ಎಂದು ಕಂಡುಕೊಂಡವರಲ್ಲಿ ಫ್ರಾನ್ಸಿನ ಸಬಾತಿಯೂ ಒಬ್ಬರು. 1912ರ ನೊಬೆಲ್ ಪ್ರಶಸ್ತಿಯಲ್ಲಿ ಅವರಿಗೆ ಪಾಲಿತ್ತು.

ಮತ್ತೆ ಆ ಹುಡುಗಿಯ ವಿಷಯ. ಮುಖ್ಯ ಪರೀಕ್ಷೆಗೆ ಮೊದಲು ಅವಳಿಗೆ ನಾನು ಹೇಳಿಕೊಟ್ಟದ್ದು ಒಂದೇ ಉಪಾಯ, ನಿಮ್ಮ ಮಕ್ಕಳಿಗೂ ಅದೇ. ಪ್ರಶ್ನೆಯಲ್ಲಿ 'ನಿರ್ಜಲ' ಎಂದು ಶುರುವಾಗುವ ಪದ ಕಂಡರೆ ಪೆನ್ಸಿಲಿನಿಂದ ಅಕ್ಷರ ಎಣಿಸು. ಅನುಮಾನ ಬಂದರೆ ಕೊಠಡಿ ಮೇಲ್ವಿಚಾರಕರನ್ನು ಇಂಗ್ಲಿಷ್ ಪ್ರತಿ ತೋರಿಸಿ ಎಂದು ಕೇಳು, ಕೇಳುವುದು ತಪ್ಪಲ್ಲ. ಅವರು ತೋರಿಸದಿದ್ದರೆ ಎರಡು ಸಮೀಕರಣಗಳನ್ನೂ ಬರೆದು, ಯಾವುದು ನೀರು ನೀಗುವುದು, ಯಾವುದು ಜಲಜನಕ ನೀಗುವುದು ಎಂದು ಪಕ್ಕದಲ್ಲಿ ಹೆಸರಿಸು. ಅವಳು ಪರೀಕ್ಷೆ ಮುಗಿಸಿ ಬಂದು, ಈ ಸಲ ಆ ಪ್ರಶ್ನೆಯೇ ಬರಲಿಲ್ಲ ಸಾರ್ ಎಂದಳು.